ಟೆಂಪೊ ಒಂದು ದಾರಿ, ಕಾಲು ಒಂದು ದಾರಿ

ಸೇಫ್ಟಿ ಷೂ ಒಳಗೆ ದಿನಕ್ಕೆ ಎಂಟು ಗಂಟೆ ಬೆವರುವ ಪಾದ ಮೆತ್ತಗಿರುತ್ತದೆ. ಬಿಡದಿ ಕೈಗಾರಿಕಾ ಪ್ರದೇಶದಿಂದ ಶಿವರಾತ್ರಿಗೆ ಮಾದಪ್ಪನ ಬೆಟ್ಟಕ್ಕೆ ನಡೆದುಹೋಗುವ ತಂಡದ ಯಜಮಾನರು ಮೊದಲು ನೋಡುವುದು ಈ ಪಾದವನ್ನು. ಭಕ್ತಿ ಎಷ್ಟಿದೆ ಎಂದು ಕೇಳುವುದಿಲ್ಲ. ಅದು ನಡೆಯುವವನಿಗೂ ಮಾದಪ್ಪನಿಗೂ ಬಿಟ್ಟದ್ದು. “ಏನ್ಲಾ, ಸಂಜೆ ಹೊತ್ತು ಬರಿಗಾಲಲ್ಲಿ ನಡೀತಿದ್ದೀಯಾ?” ಎನ್ನುವುದೇ ಅವರ ಪ್ರಶ್ನೆ. ಹದಿನೈದಿಪ್ಪತ್ತು ದಿನ ಮುಂಚಿನಿಂದ ಕೆರೆ ಏರಿ, ಹೊಲದ ಬದು, ಜಲ್ಲಿ ರಸ್ತೆ ತುಳಿದು ಅಂಗಾಲು ಗಟ್ಟಿಮಾಡಿಕೊಳ್ಳದವನು ಕನಕಪುರ ಮುಟ್ಟುವುದರೊಳಗೆ ಬೊಬ್ಬೆ ಎಬ್ಬಿಸಿಕೊಂಡು ಕೂರುತ್ತಾನೆ.

ಎರಡನೆಯದು ರಜೆ. ಟೊಯೊಟಾ ಕಾರ್ಖಾನೆಯಲ್ಲಿ 1999ರ ಕೊನೆಗೆ ಮೊದಲ ವಾಹನ ತಯಾರಾದ ಮೇಲೆ ಈ ಸೀಮೆಯ ಹೊತ್ತುಗೊತ್ತು ಶಿಫ್ಟಿನ ಲೆಕ್ಕಕ್ಕೆ ಬಿತ್ತು. ಹಬ್ಬಕ್ಕೆ ಸಿಗುವುದು ಒಂದು ದಿನದ ರಜೆ, ನಡಿಗೆಗೆ ಬೇಕಾದದ್ದು ಹತ್ತಿರ ಹತ್ತಿರ ವಾರ. ತೇರು ಎಳೆಯುವುದು ಶಿವರಾತ್ರಿ ಕಳೆದ ಮೇಲೆ. ತೇರನ್ನೂ ನೋಡಿಯೇ ಬರಬೇಕೆಂದರೆ ಮತ್ತೆರಡು ದಿನ. ಯಾರು ಯಾರ ರಾತ್ರಿ ಪಾಳಿ ಹೊತ್ತುಕೊಳ್ಳಬೇಕು, ಬಂದ ಮೇಲೆ ಆ ಋಣ ಹೇಗೆ ತೀರಿಸಬೇಕು ಎಂಬುದು ಹೊರಡುವುದಕ್ಕೆ ಬಹಳ ಮೊದಲೇ ಟೀ ಅಂಗಡಿಯಲ್ಲಿ ತೀರ್ಮಾನವಾಗಬೇಕು. ಬಾಡು ಬಿಡುವುದು, ಎಣ್ಣೆ ಬಿಡುವುದು, ಒಪ್ಪತ್ತು ಊಟ ಇವೆಲ್ಲ ವ್ರತದ ಮಾತು. ಅದನ್ನು ಹೆಂಡತಿ, ಅವ್ವ ನೋಡಿಕೊಳ್ಳುತ್ತಾರೆ.

ದಾರಿಯ ವಿಷಯ ಕೇಳಿ. ಬಿಡದಿಯ ಪಕ್ಕದ ಬೈರಮಂಗಲ ಕೆರೆಗೆ ಬೆಂಗಳೂರಿನ ಕೊಳೆ ಹೊತ್ತು ತರುವ ವೃಷಭಾವತಿ ಮುಂದೆ ಅರ್ಕಾವತಿ ಸೇರುತ್ತದೆ. ಅರ್ಕಾವತಿ ಸಂಗಮದಲ್ಲಿ ಕಾವೇರಿ ಸೇರುತ್ತದೆ. ಅಂದರೆ ನಡೆಯುವವರು ಹೆಚ್ಚುಕಡಿಮೆ ತಮ್ಮೂರ ನೊರೆನೀರಿನ ಹಿಂದೆಯೇ ಇಳಿದು ಹೋಗುತ್ತಾರೆ. ಕನಕಪುರ, ದೊಡ್ಡಆಲಹಳ್ಳಿ ದಾಟುವತನಕ ಚಿಂತೆಯಿಲ್ಲ. ಊರೂರಿನವರು ಚಪ್ಪರ ಹಾಕಿ ನೀರುಮಜ್ಜಿಗೆ, ಕಲ್ಲಂಗಡಿ, ಅನ್ನ ಸಾರು ಕೊಡುತ್ತಾರೆ. ಪಾತ್ರೆ, ಜಮಖಾನ, ಅಕ್ಕಿಮೂಟೆ ಹೊತ್ತ ಟೆಂಪೊ ಜೊತೆಗೇ ಇರುತ್ತದೆ.

ಸಂಗಮದಲ್ಲಿ ಟೆಂಪೊ ಬೇರೆಯಾಗುತ್ತದೆ. ಹೊಳೆ ದಾಟಲು ಅದಕ್ಕೆ ದಾರಿಯಿಲ್ಲ. ಸಾತನೂರು, ಹಲಗೂರು, ಮಳವಳ್ಳಿ, ಕೊಳ್ಳೇಗಾಲ, ಹನೂರು ಸುತ್ತಿ ಕೌದಳ್ಳಿಗೆ ಬರಬೇಕು. ನಡೆಯುವವರು ಹೊಳೆ ದಾಟಿ, ಕಾಡು ದಾಟಿ, ಶಾಗ್ಯದ ಕಡೆಯಿಂದ ಅಲ್ಲಿಗೆ ಸೇರಬೇಕು. ಯಜಮಾನಿಕೆಯ ಕಸುಬೆಲ್ಲ ಈ ನಡುವಿನ ತುಂಡಿನಲ್ಲಿದೆ ಎಂದು ನನ್ನ ಲೆಕ್ಕ. ಅಷ್ಟು ಹೊತ್ತಿಗೆ ಬೇಕಾದದ್ದೆಲ್ಲ ಹೆಗಲ ಮೇಲೆ ಇರಬೇಕು, ಬೇಡದ್ದು ಒಂದೂ ಇರಬಾರದು. ಆದ್ದರಿಂದ ಸಂಗಮದ ಮರಳಲ್ಲಿ ಎಲ್ಲರ ಚೀಲವನ್ನೂ ಬಿಚ್ಚಿಸುತ್ತಾರೆ. ಹೊಸ ಶರಟು, ಪವರ್ ಬ್ಯಾಂಕು, ಅತ್ತೆ ಕಟ್ಟಿಕೊಟ್ಟ ಚಕ್ಕುಲಿ ಡಬ್ಬ ಟೆಂಪೊಗೆ ವಾಪಸ್ಸು. ಉಳಿಯುವುದು ತಂಬಿಟ್ಟು, ಹುರಿಗಡಲೆ, ಬೆಲ್ಲ, ನೀರು, ಒಂದು ಪಂಚೆ, ಟಾರ್ಚು. ಕೆಡದ, ಒಲೆ ಬೇಡದ, ಮುಷ್ಟಿಯಷ್ಟಕ್ಕೇ ಹೊಟ್ಟೆ ತಡೆಯುವ ತಂಬಿಟ್ಟು ಶಿವರಾತ್ರಿಯ ತಿನಿಸಾದದ್ದು ನಡೆಯುವವರ ಪುಣ್ಯ.

ಮಾಘದ ಕೊನೆಯಲ್ಲಿ ಹೊಳೆ ಸೊರಗಿರುತ್ತದೆ. ಆದರೆ ಮೇಲಿನಿಂದ ನೀರು ಬಿಟ್ಟರೆ ಹೊಳೆಯ ಬಣ್ಣ ಬೇರೆ. ಕಟ್ಟಿದ ಹಗ್ಗ ಹಿಡಿದು ದಾಟುವುದು, ಹೇಳಿದ ಕಡೆಯೇ ಕಾಲಿಡುವುದು. ಪಾಚಿ ಹಿಡಿದ ಬಂಡೆಗೆ ಈಜು ಬಲ್ಲವನು, ಬಾರದವನು ಎಂಬ ಭೇದವಿಲ್ಲ. ಯಜಮಾನರು ಹೆಂಗಸರನ್ನೂ ವಯಸ್ಸಾದವರನ್ನೂ ನಡುವೆ ಬಿಟ್ಟು, ಗಟ್ಟಿಮುಟ್ಟಾದ ಹುಡುಗರನ್ನು ನೀರಿನ ಹರಿವಿನ ಕೆಳಗಡೆಗೆ ನಿಲ್ಲಿಸುತ್ತಾರೆ. ಯಾರಾದರೂ ಜಾರಿದರೆ ಅವರ ಕೈಗೆ ಸಿಗಲಿ ಎಂದು.

ಆಚೆ ದಡ ಹತ್ತಿದರೆ 1987ರಲ್ಲಿ ಘೋಷಣೆಯಾದ ಕಾವೇರಿ ವನ್ಯಧಾಮದ ಕಾಡು, ಆನೆಯ ಸೀಮೆ. ಹೊತ್ತಿರುವಾಗಲೇ ದಾಟಬೇಕು. ಎಲೆ ಉದುರಿ ಒಣಗಿದ ಕಾಲವಾದ್ದರಿಂದ ಬೀಡಿ, ಕರ್ಪೂರ ಎರಡಕ್ಕೂ ತಡೆ. ನಡಿಗೆಯ ಕ್ರಮ ನನಗೆ ಬಹಳ ಇಷ್ಟ: ಎಲ್ಲರಿಗಿಂತ ನಿಧಾನದವರು ಮುಂದೆ, ಅವರ ಹೆಜ್ಜೆಯೇ ಎಲ್ಲರ ಹೆಜ್ಜೆ. ಜೋರಾಗಿ ನಡೆಯುವ ಹುಡುಗ ಹಿಂದೆ ಉಳಿದು ಚಡಪಡಿಸಬೇಕು. ಮುಂದಿನವರು “ಉಘೇ ಮಾದಪ್ಪಾ” ಎಂದರೆ ಕೊನೆಯವನ ತನಕ “ಉಘೇ” ಬರಬೇಕು. ಕೇಳುವವರಿಗೆ ಅದು ಭಕ್ತಿ. ಯಜಮಾನರ ಕಿವಿಗೆ ಅದು ಹಾಜರಿಯೂ ಹೌದು. ಹಿಂದಿನ ಉಘೇ ತೆಳುವಾಯಿತೋ, ನಿಲ್ಲುತ್ತಾರೆ.

ಕೌದಳ್ಳಿಯಲ್ಲಿ ಟೆಂಪೊ ಕಂಡಾಗ ಆಗುವ ಖುಷಿ ತೇರು ಕಂಡಾಗ ಆಗುವುದಕ್ಕೆ ಏನೂ ಕಡಿಮೆಯಿಲ್ಲ. ಬಿಸಿ ಅನ್ನ, ಬಿಸಿನೀರಲ್ಲಿ ಕಾಲು. ಆಮೇಲೆ ತಾಳಬೆಟ್ಟದಲ್ಲಿ ತೆಂಗಿನಕಾಯಿ ಒಡೆದು 77 ಮಲೆಗಳ ಒಡೆಯನ ಏರು ಹತ್ತುವುದು. ಮೇಲೆ ಹೋದ ಮೇಲೆ ಯಜಮಾನರು ಯಾರನ್ನೂ ಕಟ್ಟಿಹಾಕುವುದಿಲ್ಲ. ಅಂತರಗಂಗೆಯಲ್ಲಿ ಮೀಯುವವರು ಮೀಯಲಿ, ಮುಡಿ ಕೊಡುವವರು ಕೊಡಲಿ, ಹುಲಿವಾಹನ ಸೇವೆಯ ಹರಕೆ ಇದ್ದವರು ಅತ್ತ ಹೋಗಲಿ. ರಾತ್ರಿ ಜಾಗರಣೆಗೆ ಕಂಸಾಳೆಯವರ ಸುತ್ತ ಕೂತವರಿಗೆ, ಆಲಂಬಾಡಿ ಜುಂಜೇಗೌಡ ಗುಡಿ ಕಟ್ಟಿಸಿದ ಕಥೆ ಬರುವ ಹೊತ್ತಿಗೆ ನಿದ್ದೆ ಹತ್ತಿದರೆ ಎಬ್ಬಿಸುವುದೂ ಇಲ್ಲ. ಚೀಲ ಕಾಯುತ್ತ ಕೂತು, ಎಲ್ಲರ ದರ್ಶನ ಮುಗಿದ ಮೇಲೆ ತಾವು ಸಾಲಿಗೆ ನಿಲ್ಲುತ್ತಾರೆ.

ವಾಪಸು ಬರುವುದು ಬಸ್ಸಿನಲ್ಲಿ. ಬಂದ ಮಾರನೆಯ ದಿನ ಯಾರ ಕಾಲೂ ಷೂ ಒಳಗೆ ಹೋಗುವುದಿಲ್ಲ, ಅಷ್ಟು ಊದಿರುತ್ತದೆ. ಅದಕ್ಕೆಂದೇ ಟೀ ಅಂಗಡಿಯಲ್ಲಿ ರಜೆ ಲೆಕ್ಕ ಹಾಕುವಾಗ ಯಜಮಾನರು ಒಂದು ದಿನ ಜಾಸ್ತಿ ಬರೆಸಿರುತ್ತಾರೆ.