ದಾರಿ ಮೊದಲು, ವೈರ್ ಆಮೇಲೆ: ಕಿಟ್ ವಿಮಾನಕ್ಕೆ ವೈರಿಂಗ್ ಯಾವಾಗ?

ಮಾಗಡಿಯಿಂದ ಡಿಪ್ಲೊಮಾ ಓದುತ್ತಿರುವ ಕೇಳುಗರೊಬ್ಬರು ವಾಯ್ಸ್ ಮೆಸೇಜ್ ಕಳಿಸಿದ್ದಾರೆ. ಕಿಟ್ ತರಿಸಿ ವಿಮಾನ ಕಟ್ಟೋ ವಿಡಿಯೊಗಳನ್ನ ನೋಡ್ತಾರಂತೆ. ರೆಕ್ಕೆ, ಬಾಲ, ಎಂಜಿನ್ ಎಲ್ಲ ಅರ್ಥ ಆಗುತ್ತೆ, ಆದರೆ ವೈರಿಂಗ್ ಮೊದಲು ಮಾಡ್ತಾರೋ ಕೊನೆಗೋ ಅನ್ನೋದು ಗೊತ್ತಾಗಲ್ಲ ಅಂತ ಕೇಳಿದ್ದಾರೆ. ಉತ್ತರ ಮೊದಲೇ ಹೇಳಿಬಿಡ್ತೀನಿ: ವೈರ್ ಹೋಗುವ ದಾರಿ ಮೊದಲು, ವೈರ್ ನಡುವೆ, ದುಬಾರಿ ಉಪಕರಣ ಕೊನೆಗೆ. ಯಾಕೆ ಅಂತ ನೋಡೋಣ.

ಕಿಟ್ ವಿಮಾನ ಅಂದ್ರೆ ಬಿಡಿಭಾಗಗಳಾಗಿ ಪೆಟ್ಟಿಗೆಯಲ್ಲಿ ಬರುವ ವಿಮಾನ. ಜೋಡಿಸೋರು ನೀವು. ಅಮೆರಿಕದ ನಿಯಮದ ಪ್ರಕಾರ ಅರ್ಧಕ್ಕಿಂತ ಹೆಚ್ಚು ಕೆಲಸವನ್ನು ಹವ್ಯಾಸಿಗಳೇ ಮಾಡಿರಬೇಕು. ಇದು ನಮಗೆ ದೂರದ ವಿಷಯ ಏನಲ್ಲ. ಬೆಂಗಳೂರಿನ ರಾಜಹಂಸ ಅಲ್ಟ್ರಾಲೈಟ್ಸ್ ಕಂಪನಿಯ 'ಎಕ್ಸ್-ಏರ್' ಅನ್ನೋ ಪುಟ್ಟ ವಿಮಾನ ಕಿಟ್ ರೂಪದಲ್ಲಿ ಬ್ರಿಟನ್‌ವರೆಗೂ ಹೋಗಿದೆ. ಅಲ್ಲಿನ ಜನ ಅದನ್ನು ತಾವೇ ಜೋಡಿಸಿ ಹಾರಿಸಿದ್ದಾರೆ.

ಈಗ ಪ್ರಶ್ನೆಗೆ ಬರೋಣ. ರಾಮನಗರದಲ್ಲೋ ಕನಕಪುರದಲ್ಲೋ ಮನೆ ಕಟ್ಟೋದನ್ನ ನೀವು ನೋಡಿರ್ತೀರಿ. ಸೆಂಟ್ರಿಂಗ್ ಆಗಿ, ಕಂಬಿ ಕಟ್ಟಿದ ಮೇಲೆ, ಮೋಲ್ಡ್ ಹಾಕೋಕೆ ಮುಂಚೆ ಎಲೆಕ್ಟ್ರಿಷಿಯನ್ ಬಂದೇ ಬರ್ತಾರೆ. ಆವತ್ತು ಅವರು ಫ್ಯಾನ್ ತರಲ್ಲ, ಬಲ್ಬ್ ತರಲ್ಲ. ಪೈಪ್ ಮತ್ತು ಫ್ಯಾನ್ ಬಾಕ್ಸ್ ಕೂರಿಸಿ ಹೋಗ್ತಾರೆ. ಕಾಂಕ್ರೀಟ್ ಬಿದ್ದ ಮೇಲೆ ಆ ಜಾಗಕ್ಕೆ ಕೈ ಹೋಗಲ್ಲ ಅಂತ ಅವರಿಗೆ ಗೊತ್ತು. ವೈರ್ ಎಳೆಯೋದು ಗಾರೆ ಕೆಲಸ ಮುಗಿದ ಮೇಲೆ. ಫ್ಯಾನ್, ಸ್ವಿಚ್ಚು ಎಲ್ಲ ಪೇಂಟ್ ಹಂತದಲ್ಲಿ. ವಿಮಾನದಲ್ಲೂ ಲೆಕ್ಕ ಇದೇ. ಆದರೆ ಇಲ್ಲಿ 'ಮೋಲ್ಡ್ ಹಾಕೋ ದಿನ' ಒಂದಲ್ಲ, ಹಲವು.

ಮೊದಲನೆಯದು ರೆಕ್ಕೆ. ರೆಕ್ಕೆಯ ತುದಿಯಲ್ಲಿ ದೀಪ ಇರುತ್ತೆ. ವೇಗ ಅಳೆಯುವ ಪಿಟಾಟ್ ಕೊಳವೆ ಸಾಮಾನ್ಯವಾಗಿ ರೆಕ್ಕೆಯಲ್ಲೇ ಇರುತ್ತೆ, ಅಲ್ಲಿಂದ ಕಾಕ್‌ಪಿಟ್‌ವರೆಗೆ ಗಾಳಿಯ ಪೈಪ್ ಬರಬೇಕು. ತಗಡಿನ ರೆಕ್ಕೆಗೆ ಕೊನೆಯ ಹೊದಿಕೆ ಹಾಕಿ ರಿವೆಟ್ ಹೊಡೆದ ಮೇಲೆ, ಅಥವಾ ಬಟ್ಟೆ ಹೊದಿಸಿದ ಮೇಲೆ, ಒಳಗೆ ಕೈ ಹಾಕೋದು ಕಷ್ಟ. ಅದಕ್ಕೇ ಮುಚ್ಚುವ ಮೊದಲೇ ತೂತುಗಳನ್ನು ಕೊರೆದು, ಅಂಚು ವೈರನ್ನು ಕೊಯ್ಯದಂತೆ ರಬ್ಬರ್ ಬಳೆ ಕೂರಿಸಿ, ಹಗುರವಾದ ಪ್ಲಾಸ್ಟಿಕ್ ಪೈಪ್ ಓಡಿಸಿ, ಅದರೊಳಗೆ ಒಂದು ಗಟ್ಟಿ ದಾರ ಬಿಡ್ತಾರೆ. ನಾಳೆ ಹೊಸ ಕ್ಯಾಮೆರಾ ಬೇಕೆನಿಸಿದ್ರೂ ದಾರಕ್ಕೆ ವೈರ್ ಕಟ್ಟಿ ಎಳೆದರೆ ಆಯ್ತು. ಇಂಧನದ ಟ್ಯಾಂಕಿಗೂ ಇದೇ ಮಾತು. ಅದರೊಳಗಿನ ಮಟ್ಟ ತೋರಿಸುವ ಭಾಗ ಕೂರಿಸಿ, ಸೋರಿಕೆ ಪರೀಕ್ಷೆ ಮಾಡಿದ ಮೇಲೇ ಮುಂದಿನ ಕೆಲಸ.

ರೆಕ್ಕೆಯ ಬುಡದಲ್ಲಿ ಬಿಚ್ಚಿ ಹಾಕಬಹುದಾದ ಪ್ಲಗ್ ಇರಲಿ. ಮುಂಬೈನ ಪೈಲಟ್ ಅಮೋಲ್ ಯಾದವ್ ಅಪಾರ್ಟ್‌ಮೆಂಟಿನ ತಾರಸಿ ಮೇಲೆ ಆರು ಸೀಟಿನ ವಿಮಾನ ಕಟ್ಟಿದರು. 2016ರ ಮೇಕ್ ಇನ್ ಇಂಡಿಯಾ ಪ್ರದರ್ಶನಕ್ಕೆ ಅದನ್ನು ಬಿಚ್ಚಿ ಕ್ರೇನ್‌ನಲ್ಲಿ ಇಳಿಸಬೇಕಾಯ್ತು. ಮನೆಯಲ್ಲಿ ಕಟ್ಟಿದ ವಿಮಾನ ಒಂದಲ್ಲ ಒಂದು ದಿನ ರೆಕ್ಕೆ ಬಿಚ್ಚಿಕೊಂಡೇ ಹೊರಗೆ ಹೋಗಬೇಕು.

ಎರಡನೆಯದು ಮೈಭಾಗ. ಬ್ರೇಕಿನ ಪೈಪ್, ಇಂಧನದ ಪೈಪ್ ಇವೆಲ್ಲ ನೆಲದ ಹಲಗೆ ಮುಚ್ಚುವ ಮೊದಲು ಬರಬೇಕು. ವೈರ್ ಮಾತ್ರ ಸ್ವಲ್ಪ ಕಾಯಲಿ. ಕಾರಣ ಡ್ರಿಲ್. ತೂತು ಕೊರೆದಾಗ ಉದುರುವ ಲೋಹದ ಚೂರು ವೈರ್ ಕಟ್ಟಿನೊಳಗೆ ಸೇರಿಕೊಂಡರೆ, ಎಂಜಿನ್ ನಡುಕಕ್ಕೆ ನಿಧಾನವಾಗಿ ಹೊದಿಕೆಯನ್ನು ಕೊರೆಯುತ್ತೆ. ಹಾಗಾಗಿ ಆ ಭಾಗದ ಡ್ರಿಲ್ಲಿಂಗ್ ಮುಗಿಸಿ, ಗುಡಿಸಿ, ಆಮೇಲೆ ವೈರ್. ಹಾಗಂತ ತುಂಬಾ ತಡ ಮಾಡೋ ಹಾಗೂ ಇಲ್ಲ. ಪೈಲಟ್ ಮುಂದಿನ ಮೇಲ್ಹೊದಿಕೆಯನ್ನು ಮುಚ್ಚಿಬಿಟ್ಟರೆ ತಲೆಕೆಳಗಾಗಿ ಮಲಗಿ ಪ್ಯಾನೆಲ್ ಹಿಂದೆ ಕೆಲಸ ಮಾಡಬೇಕು. ಬಿಡದಿಯ ಕಾರು ಕಾರ್ಖಾನೆಯಲ್ಲಿ ದುಡಿಯೋರು ನಿಮ್ಮ ಮನೆಯಲ್ಲಿದ್ದರೆ ಕೇಳಿ ನೋಡಿ. ಕಾರಿನಲ್ಲೂ ವೈರಿಂಗ್ ಕಟ್ಟು ಮೊದಲು, ಕಾರ್ಪೆಟ್ಟು ಡ್ಯಾಶ್‌ಬೋರ್ಡು ಆಮೇಲೆ.

ಮೂರನೆಯದು ಎಂಜಿನ್. ಎಂಜಿನ್ ಮತ್ತು ಕಾಕ್‌ಪಿಟ್ ನಡುವೆ ಬೆಂಕಿ ತಡೆಯುವ ಗೋಡೆ ಇರುತ್ತೆ. ಎಂಜಿನ್ ಕೂರಿಸಿದ ಮೇಲೇ ಅದನ್ನು ದಾಟುವ ವೈರ್‌ಗಳ ನಿಜವಾದ ಉದ್ದ ತಿಳಿಯೋದು. ಮೊದಲೇ ಅಳತೆಗೆ ಕತ್ತರಿಸಿದರೆ ಒಂದೋ ಗಿಡ್ಡ, ಇಲ್ಲ ಉದ್ದ.

ಸ್ಕ್ರೀನ್, ರೇಡಿಯೊ ಇವು ಕೊನೆಗೆ. ಕಿಟ್ ಮುಗಿಯೋಕೆ ವರ್ಷಗಳೇ ಬೇಕು. ಮೊದಲೇ ಕೊಂಡರೆ ಪೆಟ್ಟಿಗೆಯಲ್ಲೇ ವಾರಂಟಿ ಮುಗಿಯುತ್ತೆ, ಅಷ್ಟರಲ್ಲಿ ಹೊಸ ಮಾಡೆಲ್ ಬಂದಿರುತ್ತೆ. ಆದರೆ ಯಾವುದು ಎಲ್ಲಿ ಕೂರಬೇಕು, ಎಷ್ಟು ಆಳ ಬೇಕು ಅನ್ನೋದನ್ನ ರಟ್ಟಿನಲ್ಲಿ ಕತ್ತರಿಸಿಟ್ಟು ಮೊದಲೇ ನೋಡ್ಕೋಬೇಕು. ವೈರಿಂಗ್ ನಕ್ಷೆಯನ್ನಂತೂ ಮೊದಲ ರಿವೆಟ್‌ಗೂ ಮುಂಚೆಯೇ ಶುರು ಮಾಡಬಹುದು. ಕಾಗದದ ಮೇಲೆ ಅಳಿಸಿ ಬರೆಯೋದಕ್ಕೆ ಖರ್ಚಿಲ್ಲ.

ಇಷ್ಟೊಂದು ತಲೆಕೆಡಿಸಿಕೊಳ್ಳಬೇಕಾ? ಬೇಕು. 1998ರ ಸೆಪ್ಟೆಂಬರ್ 2ರಂದು ನ್ಯೂಯಾರ್ಕಿನಿಂದ ಜಿನೀವಾಕ್ಕೆ ಹೊರಟ ಸ್ವಿಸ್ಏರ್ 111 ವಿಮಾನ ಕೆನಡಾ ತೀರದ ಸಮುದ್ರಕ್ಕೆ ಬಿದ್ದು 229 ಜನ ಸತ್ತರು. ಕಾಕ್‌ಪಿಟ್ ಚಾವಣಿಯ ಮೇಲೆ ವೈರ್‌ನಲ್ಲಿ ಹಾರಿದ ಕಿಡಿ ಹತ್ತಿರದ ಹೊದಿಕೆಗೆ ಹತ್ತಿಕೊಂಡಿತ್ತು ಅಂತ ತನಿಖೆ ಹೇಳಿತು. ಆ ಜಾಗದಲ್ಲಿ ಕಿಡಿ ಹಾರಿದ್ದ ವೈರ್‌ಗಳಲ್ಲಿ, ವಿಮಾನ ತಯಾರಾದ ಮೇಲೆ ಸೇರಿಸಿದ್ದ ಸಿನಿಮಾ-ಗೇಮ್ ವ್ಯವಸ್ಥೆಯದ್ದೂ ಇತ್ತು. ವಾಸನೆ ಬಂದಾಗಿಂದ ವಿಮಾನ ಬೀಳುವವರೆಗೆ ಸುಮಾರು 21 ನಿಮಿಷ. ಅಷ್ಟು ದೊಡ್ಡ ವಿಮಾನದ ಗತಿಯೇ ಹೀಗಾದರೆ, ಇಬ್ಬರು ಕೂರುವ ಪುಟ್ಟ ವಿಮಾನದಲ್ಲಿ ಬೆಂಕಿ ಮೊಣಕಾಲ ಪಕ್ಕದಲ್ಲೇ ಇರುತ್ತೆ.

ಅದಕ್ಕೇ ಮನೆಗೆ ಹಾಕೋ ಸಾಮಾನ್ಯ ಪಿವಿಸಿ ವೈರ್ ವಿಮಾನಕ್ಕೆ ಬೇಡ ಅಂತಾರೆ. ಅದು ಉರಿದರೆ ವಿಷದ ಹೊಗೆ ಬರುತ್ತೆ. ಬಿಸಿ ತಡೆಯುವ ಟೆಫ್ಜೆಲ್ ಹೊದಿಕೆಯ ವೈರ್ ಬಳಸ್ತಾರೆ. ಇಂಧನದ ಪೈಪಿಗೆ ವೈರ್ ಕಟ್ಟಲ್ಲ. ಎರಡೂ ಪಕ್ಕಪಕ್ಕ ಹೋಗಲೇಬೇಕಾದರೆ ವೈರ್ ಮೇಲೆ, ಪೈಪ್ ಕೆಳಗೆ. ಫ್ಯೂಸ್ ಇರೋದು ಉಪಕರಣಕ್ಕಿಂತ ಹೆಚ್ಚಾಗಿ ವೈರನ್ನು ಕಾಪಾಡೋಕೆ, ಆದ್ದರಿಂದ ವೈರಿನ ದಪ್ಪ ನೋಡಿ ಫ್ಯೂಸ್ ಆರಿಸಬೇಕು. ಪ್ರತಿ ವೈರಿನ ಎರಡೂ ತುದಿಗೆ ನಂಬರ್ ಹಾಕಿ.

ಇನ್ನು ನಿಮ್ಮ ಕೈಯಲ್ಲೇ ಇರೋ ಉಪಕರಣ: ಮೊಬೈಲ್. ಯಾವ ಭಾಗವನ್ನಾದರೂ ಮುಚ್ಚುವ ಮೊದಲು ಪಕ್ಕದಲ್ಲಿ ಟೇಪ್ ಇಟ್ಟು ಫೋಟೊ ತೆಗೆಯಿರಿ. ಒಂದೊಂದೇ ಸರ್ಕ್ಯೂಟಿಗೆ ಕರೆಂಟ್ ಕೊಟ್ಟು ನೋಡಿ. ಪ್ರತಿ ಜಾಯಿಂಟನ್ನೂ ಮೆಲ್ಲಗೆ ಎಳೆದು ನೋಡಿ. ಇನ್ನೊಬ್ಬರ ಕಣ್ಣಿಗೂ ತೋರಿಸಿ. ಇಷ್ಟಾದ ಮೇಲೂ ನಮ್ಮ ದೇಶದಲ್ಲಿ ಡಿಜಿಸಿಎ ಅನುಮತಿ ಇಲ್ಲದೆ ಹಾರಿಸುವಂತಿಲ್ಲ, ಅದು ನೆನಪಿರಲಿ.

ಮಾಗಡಿಯ ಗೆಳೆಯರಿಗೆ ಒಂದು ಹೋಂವರ್ಕ್. ನಿಮ್ಮ ಬೀದಿಯಲ್ಲಿ ಮೋಲ್ಡ್ ಹಾಕೋ ಮನೆ ಇದ್ದರೆ ಹಿಂದಿನ ದಿನ ಹೋಗಿ, ಆ ಎಲೆಕ್ಟ್ರಿಷಿಯನ್ ಅಣ್ಣನ ಜೊತೆ ಅರ್ಧ ಗಂಟೆ ನಿಂತ್ಕೊಳ್ಳಿ. 'ನಾಳೆ ಇದು ಮುಚ್ಚಿಹೋಗುತ್ತೆ, ಇವತ್ತು ಏನೇನು ಒಳಗಿರಬೇಕು?' ಅಂತ ಅವರು ಹೇಗೆ ಯೋಚಿಸ್ತಾರೆ ನೋಡಿ. ವಿಮಾನ ಕಟ್ಟೋರು ಪ್ರತಿ ಹೊದಿಕೆ ಮುಚ್ಚುವ ಮುನ್ನ ಕೇಳಿಕೊಳ್ಳೋದೂ ಅದನ್ನೇ.