ಅದ್ಭುತಕಥೆಯಲ್ಲಿ ವೀರನ ಸೋಲು

ಅದ್ಭುತಕಥೆಯ ನಾಯಕನು ಸಾಮಾನ್ಯವಾಗಿ ಏನನ್ನೋ ಪಡೆಯಲೆಂದು ಮನೆಬಿಟ್ಟು ಹೊರಡುತ್ತಾನೆ. ನಿಧಿಯೋ, ಖಡ್ಗವೋ, ರಾಜಕುಮಾರಿಯೋ, ಕಳೆದುಹೋದ ಸಿಂಹಾಸನವೋ ಅವನ ಗುರಿ. ಎದುರಾದ ರಾಕ್ಷಸರನ್ನು ಗೆದ್ದು, ಹೊರಟಾಗ ಇದ್ದುದಕ್ಕಿಂತ ದೊಡ್ಡವನಾಗಿ ಅವನು ಹಿಂದಿರುಗುವುದು ಕಥೆಯ ಕ್ರಮ. ಜೆ. ಆರ್. ಆರ್. ಟೋಲ್ಕಿನ್ನನ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಈ ಕ್ರಮವನ್ನು ತಲೆಕೆಳಗು ಮಾಡಿದೆ. ಇದರ ನಾಯಕನಾದ ಫ್ರೋಡೊ ತನ್ನಲ್ಲಿರುವ ಉಂಗುರವೊಂದನ್ನು ನಾಶಮಾಡಲು ಹೊರಡುತ್ತಾನೆ. ಅಷ್ಟೇ ಅಲ್ಲ, ನಾಶಮಾಡಬೇಕಾದ ಸ್ಥಳವನ್ನು ಮುಟ್ಟಿದ ಮೇಲೆ ಅದನ್ನು ಕೈಬಿಡಲಾರದೆ ಹೋಗುತ್ತಾನೆ. ಅಗ್ನಿಪರ್ವತದ ಗರ್ಭದಲ್ಲಿ ನಿಂತು, ಉಂಗುರವು ತನ್ನದೆಂದು ಸಾರಿ ಬೆರಳಿಗೆ ಧರಿಸುತ್ತಾನೆ. ಈ ಸೋಲನ್ನು ಬದಿಗಿಟ್ಟು ಕೃತಿಯಲ್ಲಿನ ವೀರತ್ವವನ್ನು ವಿವರಿಸಲಾಗದೆಂಬುದು ನಮ್ಮ ಅಭಿಪ್ರಾಯ.

ಕೃತಿಯು 1954-55ರಲ್ಲಿ ಮೂರು ಸಂಪುಟಗಳಾಗಿ ಹೊರಬಂದಾಗ ವಿಮರ್ಶಕರು ಎರಡು ಪಂಗಡವಾದರು. ಡಬ್ಲ್ಯು. ಎಚ್. ಆಡನ್ ಮನಃಪೂರ್ವಕವಾಗಿ ಮೆಚ್ಚಿದನು. ಎಡ್ಮಂಡ್ ವಿಲ್ಸನ್ 1956ರಲ್ಲಿ ಇದನ್ನು ಕೈಮೀರಿ ಬೆಳೆದ ಮಕ್ಕಳ ಕಥೆಯೆಂದು ಹಾಸ್ಯಮಾಡಿದನು. ವಿಲ್ಸನ್ನನ ಹಾಸ್ಯಕ್ಕಿಂತ ತೂಕವುಳ್ಳದ್ದು ಕವಿ ಎಡ್ವಿನ್ ಮ್ಯೂರನು 1955ರಲ್ಲಿ ಎತ್ತಿದ ಆಕ್ಷೇಪಣೆ. ಈ ಪಾತ್ರಗಳೆಲ್ಲ ವೀರರ ವೇಷ ತೊಟ್ಟ ಹುಡುಗರು, ಅನುಭವದಿಂದ ಮಾಗುವವರಲ್ಲ, ಘೋರಯುದ್ಧ ಮುಗಿದ ಮೇಲೆ ಒಳ್ಳೆಯವರೆಲ್ಲ ಕ್ಷೇಮವಾಗಿ ನಗುನಗುತ್ತ ಹಿಂದಿರುಗುತ್ತಾರೆ ಎಂಬುದು ಅದರ ಸಾರಾಂಶ. ಪಾತ್ರವಿಕಾಸವಿಲ್ಲದ ಕಥೆಗೆ ಸಾಹಿತ್ಯದಲ್ಲಿ ಗೌರವಸ್ಥಾನ ದೊರೆಯಲಾರದು. ಆದುದರಿಂದ ಇದಕ್ಕೆ ಉತ್ತರ ಹೇಳಬೇಕಾಗಿದೆ.

ಮೊದಲು ಉಂಗುರದ ವಿಚಾರ. ಸೌರಾನ್ ಎಂಬ ದುಷ್ಟಶಕ್ತಿಯು ಲೋಕವನ್ನೆಲ್ಲ ವಶಪಡಿಸಿಕೊಳ್ಳಲೆಂದು ಎರಕಹೊಯ್ದ ಉಂಗುರವಿದು. ಕಳೆದುಹೋಗಿ, ಗೊಲ್ಲಮ್ ಎಂಬ ದೀನಜೀವಿಯ ಬಳಿ ಶತಮಾನಗಳ ಕಾಲ ಇದ್ದು, ಬಿಲ್ಬೊ ಎಂಬ ಹಾಬಿಟ್ಟನ ಕೈಸೇರಿ, ಅವನಿಂದ ಉತ್ತರಾಧಿಕಾರಿಯಾದ ಫ್ರೋಡೊನಿಗೆ ಬಂದಿದೆ. ಹಾಬಿಟ್ಟರೆಂದರೆ ಷೈರ್ ಎಂಬ ಹಸುರುನಾಡಿನ ಗಿಡ್ಡಜನ. ಊಟ, ತೋಟ, ವಂಶಾವಳಿ ಇವಿಷ್ಟೇ ಅವರ ಆಸಕ್ತಿ. ಉಂಗುರವೆಂದರೆ ಅಣುಬಾಂಬು ಎಂದು ಬರೆದವರುಂಟು. ಕೃತಿಯ ಬಹುಭಾಗ 1945ಕ್ಕೆ ಮೊದಲೇ ರಚಿತವಾದುದರಿಂದ ಈ ಸಮೀಕರಣ ನಿಲ್ಲದು. ಟೋಲ್ಕಿನ್ನನೂ ಎರಡನೆಯ ಆವೃತ್ತಿಯ ಮುನ್ನುಡಿಯಲ್ಲಿ ತನ್ನದು ಅನ್ಯೋಕ್ತಿಯಲ್ಲವೆಂದು ಸ್ಪಷ್ಟಪಡಿಸಿ, ಓದುಗನ ಸ್ವಾತಂತ್ರ್ಯಕ್ಕೆ ಬಿಟ್ಟ ಅನ್ವಯವನ್ನು ಕರ್ತೃವು ಹೇರಿದ ಅರ್ಥದಿಂದ ಬೇರ್ಪಡಿಸಿದನು. ಅನ್ಯೋಕ್ತಿಯಲ್ಲಿ ಒಂದು ವಸ್ತುವಿಗೆ ಒಂದೇ ಅರ್ಥ. ಸಂಕೇತದಲ್ಲಿ ಮುಟ್ಟಿದವನ ಗುಣದಂತೆ ಅರ್ಥ. ಬೊರೊಮಿರ್ ಎಂಬ ಯೋಧನಿಗೆ ಉಂಗುರವು ತನ್ನ ನಗರವನ್ನು ಕಾಯುವ ಆಯುಧವಾಗಿ ಕಾಣುತ್ತದೆ. ಸ್ಯಾಮ್ ಎಂಬ ತೋಟಗಾರನಿಗೆ ಅದು ತೋರಿಸುವುದು ಮರುಭೂಮಿಯೆಲ್ಲ ತೋಟವಾದ ಕನಸನ್ನು. ಇವೆಲ್ಲ ದುರಾಸೆಗಳಲ್ಲವೆಂಬುದು ಗಮನಾರ್ಹ. ಒಳ್ಳೆಯದನ್ನು ಬಲಾತ್ಕಾರದಿಂದ ಸಾಧಿಸುವ ಆಶೆಯನ್ನೇ ಉಂಗುರವು ಹಿಡಿದುಕೊಳ್ಳುವುದು. ಮಂತ್ರಸಿದ್ಧನಾದ ಗ್ಯಾಂಡಾಲ್ಫನು ಅದನ್ನು ಮುಟ್ಟಲೊಲ್ಲದಿರುವುದೂ ಇದೇ ಕಾರಣದಿಂದ: ಕನಿಕರದ ದಾರಿಯಿಂದಲೇ ಅದು ತನ್ನನ್ನು ಪ್ರವೇಶಿಸುವುದೆಂದು ಅವನು ಬಲ್ಲ.

ಕಥೆಯ ಆರಂಭದಲ್ಲಿಯೇ ಒಂದು ಚಿಕ್ಕ ಸಂದರ್ಭ ಬರುತ್ತದೆ. ಓದುಗರು ಇದನ್ನು ಸಾಮಾನ್ಯವಾಗಿ ದಾಟಿಹೋಗುತ್ತಾರೆ. ಉಂಗುರವನ್ನು ನಾಶಮಾಡುವ ಇಚ್ಛೆ ನಿನಗೆ ನಿಜವಾಗಿ ಇದೆಯೇ ಎಂದು ಗ್ಯಾಂಡಾಲ್ಫನು ಫ್ರೋಡೊನನ್ನು ಪರೀಕ್ಷಿಸುತ್ತಾನೆ. ಇವನು ಅದನ್ನು ಎಸೆದುಬಿಡಲೆಂದು ಹೊರತೆಗೆಯುತ್ತಾನೆ. ಮರುಕ್ಷಣ ನೋಡಿಕೊಂಡರೆ ಅದನ್ನು ತಿರುಗಿ ಜೇಬಿಗೆ ಸೇರಿಸಿರುತ್ತಾನೆ. ಸ್ವಂತ ಮನೆಯ ಒಲೆಯ ಮುಂದೆ ಕುಳಿತು ಮಾಡಲಾಗದುದನ್ನು ಮಾರ್ಡೋರಿನ ಅಗ್ನಿಕುಂಡದ ಅಂಚಿನಲ್ಲಿ, ಉಂಗುರದ ಬಲವು ಪರಾಕಾಷ್ಠೆಗೇರಿದಾಗ ಅವನು ಹೇಗೆ ಮಾಡಿಯಾನು? ಸೋಲಿನ ಬೀಜವು ಮೊದಲೇ ಬಿತ್ತಲ್ಪಟ್ಟಿದೆ.

ಹಾಗಾದರೆ ಫ್ರೋಡೊನಲ್ಲಿ ಬೆಳೆದುದೇನು? ಬಾಹುಬಲವಲ್ಲ, ಚಾತುರ್ಯವೂ ಅಲ್ಲ. ನಮ್ಮ ಲಾಕ್ಷಣಿಕರ ಧೀರೋದಾತ್ತಾದಿ ನಾಲ್ಕು ವರ್ಗಗಳಲ್ಲಿ ಯಾವುದರಲ್ಲಿಯೂ ಅವನನ್ನು ಸುಲಭವಾಗಿ ಕೂರಿಸಲಾಗದು. ಗೊಲ್ಲಮನ ಬಗೆಗೆ ಅವನ ಮನಸ್ಸು ಪಡೆಯುವ ಪರಿವರ್ತನೆಯನ್ನು ಹಿಡಿದು ಹೊರಟರೆ ಮಾತ್ರ ವಿಕಾಸದ ದಾರಿ ಕಾಣುತ್ತದೆ. ಮೊದಲಿಗೆ, ಬಿಲ್ಬೊ ಆ ನೀಚನನ್ನು ಸಮಯ ಸಿಕ್ಕಾಗ ಇರಿದು ಕೊಲ್ಲದೆ ಹೋದುದು ಅನ್ಯಾಯವೆಂದೇ ಫ್ರೋಡೊ ನುಡಿಯುತ್ತಾನೆ. ಅದು ಗೊಲ್ಲಮನನ್ನು ಕಣ್ಣಾರೆ ಕಾಣದವನ ಮಾತು. ಬೆಟ್ಟದ ಬುಡದಲ್ಲಿ ಅವನನ್ನು ಸೆರೆಹಿಡಿದು ಎದುರಿಗೆ ಕಂಡಾಗ, ಗ್ಯಾಂಡಾಲ್ಫನು ಕೊಟ್ಟಿದ್ದ ಉತ್ತರ ನೆನಪಾಗಿ ಫ್ರೋಡೊ ಕತ್ತಿಯನ್ನು ತಗ್ಗಿಸುತ್ತಾನೆ. ಈ ವೇಳೆಗೆ ಉಂಗುರದ ಭಾರ ಅವನಿಗೂ ತಿಳಿದಿದೆ. ಗೊಲ್ಲಮನಲ್ಲಿ ಅವನು ನೋಡುವುದು ಶತ್ರುವನ್ನಲ್ಲ, ತಾನು ಆಗಬಹುದಾದುದನ್ನು. ಮುಂದೆ ಫರಾಮಿರನ ಬಿಲ್ಲುಗಾರರಿಂದ ಅವನನ್ನು ಉಳಿಸಲು ಮೋಸದಿಂದ ಹಿಡಿಸಬೇಕಾಗುತ್ತದೆ. ದಯೆಯೂ ಕೈಗೆ ಮಸಿ ಹತ್ತಿಸದೆ ಬಿಡುವುದಿಲ್ಲವೆಂಬ ಈ ಅರಿವು ಹುಡುಗರದಲ್ಲ. ಮ್ಯೂರನು ಇಲ್ಲಿ ಇನ್ನಷ್ಟು ನಿಂತು ನೋಡಬೇಕಾಗಿತ್ತು.

ಈ ಕರುಣೆಯ ಎಳೆಗೆ ಗ್ರಂಥಸಂಪಾದನೆಯ ದೃಷ್ಟಿಯಿಂದಲೂ ಒಂದು ಕುತೂಹಲಕರವಾದ ಇತಿಹಾಸವಿದೆ. 1937ರಲ್ಲಿ ಪ್ರಕಟವಾದ ‘ದಿ ಹಾಬಿಟ್’ನ ಮೊದಲ ಆವೃತ್ತಿಯಲ್ಲಿ ಗೊಲ್ಲಮನು ಉಂಗುರವನ್ನೇ ಒಗಟಿನಾಟದ ಪಣವಾಗಿ ಇಡುತ್ತಾನೆ, ಅದು ಸಿಗದಿರಲು ಕ್ಷಮೆ ಬೇಡಿ ಬಿಲ್ಬೊನಿಗೆ ಹೊರದಾರಿ ತೋರಿಸುತ್ತಾನೆ. ಅಲ್ಲಿ ಕೊಲ್ಲುವ ಪ್ರಶ್ನೆಯೂ ಇಲ್ಲ, ಕನಿಕರದ ಪ್ರಶ್ನೆಯೂ ಇಲ್ಲ. ದೊಡ್ಡ ಕಥೆಯ ಬರೆವಣಿಗೆ ಮುಂದುವರಿದ ಮೇಲೆ ಟೋಲ್ಕಿನ್ನನು ಆ ಅಧ್ಯಾಯವನ್ನು ತಿದ್ದಿದನು. 1951ರ ಆವೃತ್ತಿಯಲ್ಲಿ ಬಿಲ್ಬೊ ಕತ್ತಿಹಿಡಿದು ಕತ್ತಲಲ್ಲಿ ನಿಂತು, ಗೊಲ್ಲಮನ ಬಾಳಿನ ದುಃಖವನ್ನು ಕ್ಷಣಕಾಲ ಕಂಡು, ಕೊಲ್ಲದೆ ಅವನ ತಲೆಯ ಮೇಲಿಂದ ಹಾರಿ ಪಾರಾಗುತ್ತಾನೆ. ಮುಂದಿನ ಕಥೆಗೆ ಮೂಲವಾದ ದಯೆಯು ಹಿಂದಿನ ಕಥೆಯೊಳಕ್ಕೆ ತರುವಾಯ ಸೇರಿತು. ಉಂಗುರವೂ ಹಾಗೆಯೇ, ಮೊದಲು ಧರಿಸಿದವನನ್ನು ಮರೆಮಾಡುವ ಆಟಿಕೆಯಾಗಿದ್ದುದು ಬಳಿಕ ಸಂಕೇತವಾಯಿತು.

ಇನ್ನು ಆ ಅಗ್ನಿಪರ್ವತದ ಪ್ರಸಂಗ. ಫ್ರೋಡೊ ಉಂಗುರವನ್ನು ತನ್ನದೆಂದು ಸಾರಿದೊಡನೆ ಗೊಲ್ಲಮನು ಮೇಲೆಬಿದ್ದು, ಬೆರಳನ್ನೇ ಕಚ್ಚಿ ತುಂಡರಿಸಿ ಉಂಗುರವನ್ನು ಕಸಿದು, ಹರ್ಷದಿಂದ ಕುಣಿಯುತ್ತ ಅಂಚು ತಪ್ಪಿ ಬೆಂಕಿಗೆ ಬೀಳುತ್ತಾನೆ. 2003ರ ಚಲನಚಿತ್ರದಲ್ಲಿ ಫ್ರೋಡೊ ಮತ್ತೆ ಅವನ ಮೇಲೆ ಬಿದ್ದು ಸೆಣಸುವಂತೆಯೂ, ಆ ಸೆಣಸಾಟದಲ್ಲಿ ಗೊಲ್ಲಮ್ ಉರುಳುವಂತೆಯೂ ತೋರಿಸಿದೆ. ಚಿತ್ರವನ್ನು ಮೊದಲು ನೋಡಿ ಗ್ರಂಥಕ್ಕೆ ಬರುವ ವಿದ್ಯಾರ್ಥಿಗಳಿಗೆ ಈ ವ್ಯತ್ಯಾಸವನ್ನು ತೋರಿಸಿಕೊಡುವುದು ಅಗತ್ಯ. ಮೂಲದಲ್ಲಿ ನಾಯಕನ ಕೈಯಿಂದ ಕಾರ್ಯಸಿದ್ಧಿಯಾಗಿಲ್ಲ. ಹಾಗೆಂದಮಾತ್ರಕ್ಕೆ ಇದು ಕಥೆಗಾರನು ಸಂಕಟಕಾಲದಲ್ಲಿ ತಂದುಕೊಂಡ ಆಕಸ್ಮಿಕವೂ ಅಲ್ಲ. ಬಿಲ್ಬೊ, ಫ್ರೋಡೊ, ಕೊನೆಗೆ ಪರ್ವತದ ಇಳಿಜಾರಿನಲ್ಲಿ ಸ್ಯಾಮ್ ಕೂಡ ಗೊಲ್ಲಮನನ್ನು ಕೊಲ್ಲದೆ ಬಿಟ್ಟುದರಿಂದಲೇ ಅವನು ಅಲ್ಲಿ ಇದ್ದಾನೆ. ಸ್ಯಾಮನ ಕ್ಷಮೆ ವಿಶೇಷವಾದುದು. ಹಿಂದೊಮ್ಮೆ ಗೊಲ್ಲಮನು ಪಶ್ಚಾತ್ತಾಪದ ಹೊಸ್ತಿಲಿಗೆ ಬಂದಿದ್ದಾಗ ಅವನ ಒರಟುಮಾತೇ ಅದನ್ನು ಕೆಡಿಸಿತ್ತು. ತಾನೂ ಸ್ವಲ್ಪಕಾಲ ಉಂಗುರವನ್ನು ಹೊತ್ತ ಮೇಲೆ ಅವನಿಗೆ ಕತ್ತಿ ಏಳದಾಯಿತು.

1963ರ ಒಂದು ಪತ್ರದ ಕರಡಿನಲ್ಲಿ ಟೋಲ್ಕಿನ್ನನೇ ಈ ಪ್ರಶ್ನೆಯನ್ನು ವಿಚಾರಿಸಿದ್ದಾನೆ. ಫ್ರೋಡೊ ಸೋತದ್ದು ನಿಜ, ಆದರೆ ಅದು ನೈತಿಕವಾದ ಸೋಲಲ್ಲ. ಶಕ್ತಿಯಿದ್ದಷ್ಟನ್ನೂ ವೆಚ್ಚಮಾಡಿದವನು ಮುರಿದುಬಿದ್ದರೆ ಅವನನ್ನು ದೂಷಿಸಲಾಗದು ಎಂಬುದು ಅವನ ನಿಲುವು. 1936ರಲ್ಲಿ ‘ಬಿಯೊವುಲ್ಫ್’ ಕಾವ್ಯವನ್ನು ಕುರಿತು ಮಾಡಿದ ಪ್ರಸಿದ್ಧ ಉಪನ್ಯಾಸದಲ್ಲಿ ಅವನು, ಸೋಲು ನಿಶ್ಚಿತವೆಂದು ತಿಳಿದೂ ಹೋರಾಡುವ ಉತ್ತರದೇಶದ ಪ್ರಾಚೀನ ಧೈರ್ಯವನ್ನು ಎತ್ತಿಹಿಡಿದಿದ್ದನು. ಆದರೆ ಬಿಯೊವುಲ್ಫನ ಸೋಲು ದೇಹದ್ದು. ಘಟಸರ್ಪದೊಡನೆ ಹೋರಾಡಿ ಸಾಯುವಾಗಲೂ ಅವನ ಸಂಕಲ್ಪ ಅಭಂಗ. ಫ್ರೋಡೊನಲ್ಲಿ ಸೋಲುವುದು ಸಂಕಲ್ಪವೇ. ಹಳೆಯ ವೀರಕಾವ್ಯದ ಮೇಷ್ಟರು ತನ್ನ ಕಥೆಯಲ್ಲಿ ಆ ಕಾವ್ಯಕ್ಕಿಂತ ಕಠಿನವಾದ ದಾರಿ ಹಿಡಿದನೆನ್ನಬೇಕು.

ಒಳ್ಳೆಯವರೆಲ್ಲ ಕ್ಷೇಮವಾಗಿ ಮರಳುತ್ತಾರೆಂಬ ಮ್ಯೂರನ ಮಾತಿಗೆ ಕೊನೆಯ ಅಧ್ಯಾಯಗಳೇ ಉತ್ತರ. ಷೈರಿಗೆ ಹಿಂದಿರುಗಿದಾಗ ಅದು ದುಷ್ಟರ ವಶವಾಗಿದೆ. ಸಂಗಡಿಗರು ಯುದ್ಧಮಾಡುತ್ತಾರೆ, ಫ್ರೋಡೊ ಕತ್ತಿ ಹಿರಿಯುವುದಿಲ್ಲ, ಶರಣಾದವರನ್ನು ಕೊಲ್ಲದಂತೆ ತಡೆಯುವುದೇ ಅವನ ಕೆಲಸ. ತನ್ನನ್ನು ಇರಿಯಲು ಬಂದ ಸರುಮಾನನನ್ನೂ ಬಿಟ್ಟುಬಿಡುತ್ತಾನೆ. ನೀನು ಬೆಳೆದಿದ್ದೀಯೆ ಎಂದು ಅವನಿಗೆ ಹೇಳುವವನು ಆ ಶತ್ರುವೇ. ಹೇಳುವುದು ಮೆಚ್ಚಿಗೆಯಿಂದಲ್ಲ, ಕಹಿಯಿಂದ. ಊರಿನಲ್ಲಿ ಗೌರವವೆಲ್ಲ ಹೋರಾಡಿದವರಿಗೆ ಸಲ್ಲುತ್ತದೆ. ಫ್ರೋಡೊನಿಗೆ ದೊರೆತ ಮನ್ನಣೆ ಎಷ್ಟು ಅಲ್ಪವೆಂದು ಸ್ಯಾಮ್ ನೊಂದುಕೊಳ್ಳುತ್ತಾನೆ. ಹಳೆಯ ಗಾಯಗಳು ಅವು ಆದ ದಿನಗಳಂದೇ ಪ್ರತಿವರ್ಷ ಕಾಡುತ್ತವೆ. ಎರಡು ವರ್ಷಗಳೊಳಗೆ, ತಾನು ಉಳಿಸಿದ ನಾಡಿನಲ್ಲಿ ತನಗೆ ಬದುಕಲಾಗದೆಂದು ತಿಳಿದು ಅವನು ಹಡಗನ್ನೇರಿ ಸಮುದ್ರದಾಚೆಗೆ ಹೊರಟುಹೋಗುತ್ತಾನೆ. ಹೊರಡುವ ಮೊದಲು ತಾನು ಬರೆದ ವೃತ್ತಾಂತದ ಪುಸ್ತಕವನ್ನು ಸ್ಯಾಮನ ಕೈಗೆ ಕೊಡುತ್ತಾನೆ. ಅದರಲ್ಲಿ ಕೊನೆಯ ಕೆಲವು ಪುಟಗಳು ಬರಿದಾಗಿವೆ.