ಆಗಮನ ಕಾಲ: ಮಕ್ಕಳೊಂದಿಗೆ ಕಾಯುವ ನಾಲ್ಕು ವಾರ



ಹುನಗುಂದ ಕಡೆಯ ಒಂದು ಹಳ್ಳಿಯಲ್ಲಿ ಸಂಘದ ವಾರದ ಸಭೆ ನಡೆದಿತ್ತು. ಉಳಿತಾಯದ ಹಣ ಎಣಿಸುವಾಗ ಒಬ್ಬ ತಾಯಿ ಹೇಳಿದರು: "ಸಿಸ್ಟರ್, ಇವರಪ್ಪ ಗೋವಾಕ್ಕ ಗೌಂಡಿ ಕೆಲಸಕ್ಕ ಹೋಗ್ಯಾನ. ಅಪ್ಪ ಯಾವಾಗ ಬರ್ತಾನ ಅಂತ ಈ ಹುಡುಗ ದಿನಾ ಕೇಳ್ತಿದ್ದ. ನಾಳೆ ಬರ್ತಾನ ಅಂತ ನಾನೂ ದಿನಾ ಹೇಳ್ತಿದ್ದೆ. ಈಗ ಕೇಳೂದ ಬಿಟ್ಟಾನ." ಹುಡುಗನಿಗೆ ಐದು ವರ್ಷ. ಆ ದಿನ ಆಗಮನ ಕಾಲದ ಬಗ್ಗೆ ಮಾತಾಡಲು ನಾವು ಒಂದಿಷ್ಟು ಬರೆದುಕೊಂಡು ಹೋಗಿದ್ದೆವು. ಆ ಚೀಟಿಯನ್ನು ಚೀಲದಲ್ಲೇ ಬಿಟ್ಟೆವು. ಮಗು ಕೇಳುವುದನ್ನು ಬಿಟ್ಟಿದೆ ಎಂದರೆ ಅವ್ವನ ಮಾತು ನಂಬುವುದನ್ನು ಬಿಟ್ಟಿದೆ ಎಂದೇ ಅರ್ಥ. ಆಗಮನ ಕಾಲ ಇರುವುದು ಇದಕ್ಕೇ: ಮಾತು ಕೊಟ್ಟವನು ಬಂದೇ ಬರುತ್ತಾನೆ ಎಂದು ನಂಬಿ ಕಾಯುವುದಕ್ಕೆ.

ನಮ್ಮ ಸಂಘಗಳಲ್ಲಿ ಎಲ್ಲ ಧರ್ಮದ ತಾಯಂದಿರು ಇದ್ದೀರಿ. ಇದನ್ನು ಮುಖ್ಯವಾಗಿ ಕ್ರೈಸ್ತ ಕುಟುಂಬಗಳಿಗೆಂದು ಬರೆದಿದ್ದೇವೆ. ಉಳಿದವರು ಓದಿದರೆ ನೆರೆಮನೆಯವರು ಡಿಸೆಂಬರ್‌ನಲ್ಲಿ ನಕ್ಷತ್ರ ಏಕೆ ಕಟ್ಟುತ್ತಾರೆಂದು ತಿಳಿದೀತು.

ಕ್ರಿಸ್ತಜಯಂತಿಗೆ ಮುಂಚಿನ ನಾಲ್ಕು ರವಿವಾರಗಳ ಅವಧಿಯೇ ಆಗಮನ ಕಾಲ. ಮೊದಲನೆಯ ರವಿವಾರ ನವೆಂಬರ್ 27ರಿಂದ ಡಿಸೆಂಬರ್ 3ರ ಒಳಗೆ ಬರುತ್ತದೆ. 2025ರಲ್ಲಿ ನವೆಂಬರ್ 30, 2026ರಲ್ಲಿ ನವೆಂಬರ್ 29. ಆ ದಿನಗಳಲ್ಲಿ ಗುರುಗಳು ನೇರಳೆ ಬಣ್ಣದ ಪೂಜಾವಸ್ತ್ರ ಧರಿಸುತ್ತಾರೆ. ಮೂರನೆಯ ರವಿವಾರ ಮಾತ್ರ ಗುಲಾಬಿ ಬಣ್ಣ ಹಾಕಬಹುದು, ಹಬ್ಬ ಹತ್ತಿರ ಬಂತೆಂಬ ಸಂತೋಷಕ್ಕೆ.

ಸಣ್ಣ ಮಕ್ಕಳಿಗೆ "ನಾಲ್ಕು ವಾರ" ಎಂದರೆ ತಿಳಿಯುವುದಿಲ್ಲ. ಕಣ್ಣಿಗೆ ಕಾಣಬೇಕು. ಜರ್ಮನಿಯ ಹ್ಯಾಂಬರ್ಗ್ ನಗರದಲ್ಲಿ ಯೊಹಾನ್ ವಿಖರ್ನ್ ಎಂಬ ಪ್ರೊಟೆಸ್ಟೆಂಟ್ ಬೋಧಕರು ಬಡಮಕ್ಕಳ ಆಶ್ರಯಧಾಮ ನಡೆಸುತ್ತಿದ್ದರು. ಹಬ್ಬ ಯಾವಾಗ, ಹಬ್ಬ ಯಾವಾಗ ಎಂದು ಮಕ್ಕಳು ಕೇಳುತ್ತಲೇ ಇದ್ದರಂತೆ. ನಮ್ಮ ಮಕ್ಕಳು ಬನಶಂಕರಿ ಜಾತ್ರೆ ಯಾವಾಗ ಅಂತ ಕೇಳುವುದಿಲ್ಲವೇ, ಹಾಗೆ. 1839ರಲ್ಲಿ ಅವರು ಒಂದು ಮರದ ಚಕ್ರದ ಮೇಲೆ ಮೇಣದ ಬತ್ತಿ ಇಟ್ಟು ದಿನಕ್ಕೊಂದು ಹಚ್ಚಿಸಿದರು: ವಾರದ ದಿನಗಳಿಗೆ ಸಣ್ಣ ಕೆಂಪು ಬತ್ತಿ, ರವಿವಾರಗಳಿಗೆ ದೊಡ್ಡ ಬಿಳಿ ಬತ್ತಿ. ಇಂದು ನಮ್ಮ ದೇವಾಲಯಗಳಲ್ಲಿ ಕಾಣುವ ನಾಲ್ಕು ಬತ್ತಿಯ ಹಸಿರು ಬಳೆ ಬಂದದ್ದು ಅಲ್ಲಿಂದ. ಅಂದರೆ ಅದು ಶ್ರೀಮಂತರ ಅಲಂಕಾರವಾಗಿ ಹುಟ್ಟಿದ್ದಲ್ಲ.

ನಿಮ್ಮ ಮನೆಯಲ್ಲಿ ಅದಕ್ಕೆ ಏನೂ ಕೊಳ್ಳಬೇಕಾಗಿಲ್ಲ. ನಾಲ್ಕು ಮಣ್ಣಿನ ಪಣತಿ ಸಾಕು. ಒಂದು ತಟ್ಟೆಯಲ್ಲಿ ಉಸುಕು ಹಾಕಿ ಪಣತಿ ಇಟ್ಟು, ಸುತ್ತ ಬೇವಿನ ತಪ್ಪಲು ಜೋಡಿಸಿ. ಗುಳೇದಗುಡ್ಡದ ಖಣದ ನೇರಳೆ ತುಂಡು ಇದ್ದರೆ ಕೆಳಗೆ ಹಾಸಿ. ಇಳಕಲ್ಲಿನ ನೇಕಾರರ ಮನೆಯಲ್ಲಾದರೆ ಉಳಿದ ನೂಲು ಇದ್ದೇ ಇರುತ್ತದೆ. ಮೊದಲ ರವಿವಾರ ಒಂದು ದೀಪ, ಮುಂದಿನ ವಾರ ಎರಡು, ಹೀಗೆ. ದೀಪ ಹಚ್ಚುವುದು ದೊಡ್ಡವರು, ಪ್ರಾರ್ಥನೆ ಹೇಳುವುದು ಮಗು. ಕಣಕಿ ಬಣವಿ ಹತ್ತಿರ ಮಾತ್ರ ಬೇಡವೇ ಬೇಡ.

ಗೋದಲಿಯ ವಿಷಯದಲ್ಲಿ ನಮ್ಮ ಹಳ್ಳಿಯ ಮಕ್ಕಳೇ ಭಾಗ್ಯವಂತರು. ಪಟ್ಟಣದ ಮಕ್ಕಳಿಗೆ ಗೋದಲಿ ಎಂದರೆ ಅಂಗಡಿಯಲ್ಲಿ ಸಿಗುವ ಗೊಂಬೆ ಮನೆ. ನಮ್ಮ ಮಕ್ಕಳು ಎತ್ತಿಗೆ ಮೇವು ಹಾಕುವ ಗ್ವಾದಲಿಯನ್ನು ದಿನಾ ನೋಡುತ್ತಾರೆ. ಮಗುವನ್ನು ಅಲ್ಲಿಗೇ ಕರೆದುಕೊಂಡು ಹೋಗಿ, "ಇಲ್ಲೇ ನೋಡಪಾ, ಇಂಥಾದ್ರಾಗನ ಬಾಲಯೇಸುವನ್ನ ಮಲಗಿಸಿದ್ರು" ಎನ್ನಿ. ಅಸ್ಸಿಸಿಯ ಸಂತ ಫ್ರಾನ್ಸಿಸರು 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬಲ್ಲಿ ಹುಲ್ಲು, ಎತ್ತು, ಕತ್ತೆ ತರಿಸಿ ಜನರಿಗೆ ತೋರಿಸಿದ್ದೂ ಇದನ್ನೇ.

ಒಂದು ಸಣ್ಣ ಖಾಲಿ ಬುಟ್ಟಿ ಇಡಿ. ಮಗು ಒಂದು ಒಳ್ಳೆಯ ಕೆಲಸ ಮಾಡಿದಾಗ, ಉದಾಹರಣೆಗೆ ಅಜ್ಜಿಗೆ ನೀರು ಕೊಟ್ಟರೆ, ತಂಗಿಯನ್ನು ಆಡಿಸಿದರೆ, ಒಂದು ಎಸಳು ಹುಲ್ಲು ಹಾಕಲಿ. ತಪ್ಪು ಮಾಡಿದರೆ ಹುಲ್ಲು ಕಿತ್ತುಕೊಳ್ಳಬೇಡಿ. ಅದು ಬಾಲಯೇಸುವಿನ ಹಾಸಿಗೆ, ಸಾಲದ ಲೆಕ್ಕದ ಪುಸ್ತಕ ಅಲ್ಲ. ದೊಡ್ಡವರೂ ಹಾಕಲಿ. ಇಳಕಲ್ಲಿನ ಡಾ. ಮಹಾಂತ ಸ್ವಾಮೀಜಿಯವರು ಜೋಳಿಗೆ ಹಿಡಿದು ಜನರ ದುಶ್ಚಟಗಳನ್ನೇ ಬೇಡುತ್ತಿದ್ದುದನ್ನು ನಮ್ಮ ಭಾಗದವರು ಮರೆತಿಲ್ಲ. ನಾಲ್ಕು ವಾರ ಗುಟ್ಕಾ, ಸೆರೆ ಬಿಟ್ಟ ಅಪ್ಪನ ಒಂದು ಎಸಳು ಬಹಳ ತೂಕದ್ದು.

ಡಿಸೆಂಬರ್ 15ರ ಸುಮಾರಿಗೆ ತೆಂಗಿನ ಚಿಪ್ಪಿನಲ್ಲಿ ಮಗುವಿನ ಕೈಯಿಂದ ಗೋಧಿ ಹಾಕಿಸಿ. ಹಬ್ಬಕ್ಕೆ ಗೋದಲಿಗೆ ಹಸಿರು ಸಿಗುತ್ತದೆ. ಜೋಳ ಬೇಡ, ಎಳೆ ಜೋಳದ ಸಸಿ ತಿಂದರೆ ದನಕ್ಕೆ ಅಪಾಯವೆಂದು ನಿಮಗೆ ಗೊತ್ತೇ ಇದೆ. ಬೀಜ ಹಾಕಿದ ಮರುದಿನವೇ ಮಗು ಕೆದರಿ ನೋಡುತ್ತದೆ. ನೋಡಲಿ ಬಿಡಿ.

ಕಥೆ ಹೇಳುವಾಗ ಸಂತ ಲೂಕನ ಶುಭಸಂದೇಶದ ಮೊದಲೆರಡು ಅಧ್ಯಾಯ ಸಾಕು. ತುಂಬು ಗರ್ಭಿಣಿ ಮರಿಯಮ್ಮನವರು ಜನಗಣತಿಗೆಂದು ನಜರೇತಿನಿಂದ ಬೆತ್ಲೆಹೇಮಿಗೆ ಹೋದರು. ಬಾಗಲಕೋಟೆಯಿಂದ ಹುಬ್ಬಳ್ಳಿಗೆ ಹೋದಷ್ಟು ದೂರ, ಅದೂ ಬಸ್ಸಿಲ್ಲದ ಕಾಲ. ಉಳಿಯಲು ಜಾಗ ಸಿಗಲಿಲ್ಲ. ಗುಳೆ ಹೋಗಿ ಶೆಡ್ಡಿನಲ್ಲಿ ಹೆತ್ತ ತಾಯಂದಿರು ನಮ್ಮ ಸಂಘಗಳಲ್ಲೇ ಇದ್ದೀರಿ. ಈ ಕಥೆಯನ್ನು ನಿಮಗಿಂತ ಚೆನ್ನಾಗಿ ನಾವು ಹೇಳಲಾರೆವು.

ಯೇಸುಸ್ವಾಮಿ ಮತ್ತೆ ಬರುವರೆಂಬುದೂ ನಮ್ಮ ವಿಶ್ವಾಸವೇ. ಆದರೆ ಅದನ್ನು ಹಿಡಿದು "ಹಠ ಮಾಡಿದ್ರ ದೇವರು ಬಂದು ಶಿಕ್ಷೆ ಕೊಡ್ತಾನ" ಎಂದು ಮಗುವನ್ನು ಹೆದರಿಸುವುದು ನಮಗೆ ಸರಿ ಕಾಣುವುದಿಲ್ಲ. ಹೆದರಿದ ಮಗು ಯಾರನ್ನೂ ಎದುರು ನೋಡುವುದಿಲ್ಲ.

ಹೊಸ ಬಟ್ಟೆಗೆ ಸಂಘದ ಸಾಲ ಬೇಡ. ಇದನ್ನು ಸಭೆಯಲ್ಲಿ ಎಷ್ಟೋ ಸಲ ಹೇಳಿದ್ದೇವೆ.

ಇನ್ನು ಆ ಹುಡುಗನ ಮಾತು. ಸಭೆಯ ನಡುವೆಯೇ ಅವ್ವ ಗೋವಾಕ್ಕೆ ಫೋನ್ ಹಚ್ಚಿ, ನಿಜವಾಗಿ ಯಾವ ದಿನ ಬರ್ತೀರಿ ಎಂದು ಕೇಳಿದರು. ಹಬ್ಬಕ್ಕೆ ರಜೆ ಇಲ್ಲ, 27ಕ್ಕೆ ಬರ್ತೀನಿ ಎಂದು ಉತ್ತರ ಬಂತು. ಅದನ್ನೇ ಮಗನಿಗೆ ಹೇಳಿದರು. ಅವನು ಅತ್ತ. ಆಮೇಲೆ ಗೋಡೆಯ ಮೇಲೆ ಇದ್ದಿಲಿನಿಂದ 25ರವರೆಗಲ್ಲ, 27ರವರೆಗೆ ಗೆರೆ ಎಳೆದರು. ದಿನಕ್ಕೊಂದು ಗೆರೆ ಅಳಿಸುವುದು ಅವನ ಕೆಲಸವಾಯಿತು. ಇಂಥ ಮನೆಗಳಲ್ಲಿ 26ಕ್ಕೇ ಗೋದಲಿ ತೆಗೆಯಬೇಡಿ. ಧರ್ಮಸಭೆಯ ಲೆಕ್ಕದಲ್ಲಿ ಜನವರಿಯಲ್ಲಿ ಬರುವ ಪ್ರಭುವಿನ ದೀಕ್ಷಾಸ್ನಾನದ ಹಬ್ಬದವರೆಗೂ ಕ್ರಿಸ್ತಜಯಂತಿಯ ಕಾಲವೇ. ತಡವಾಗಿ ಊರಿಗೆ ಬಂದ ಅಪ್ಪನ ಕೈ ಹಿಡಿದು ಮಗು ಗೋದಲಿ ತೋರಿಸಲಿ.